ಹೆಸರು ಕೇಳದೆ ಕೊಟ್ಟ ಕಡ್ಡಿ ಮನುಷ್ಯರು

ನಾಸಿಕ್ ರೋಡಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಮಂಜುಳಾ ಇದ್ದಳು. ಊರು ಇಂಡಿ ತಾಲೂಕು. ಗಂಡನಿಗೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಇವಳು ದಿನಾ ಬಸ್ಸು ಹಿಡಿದು ಸಿನ್ನರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಹೊಸ ಕೆಲಸಗಾರರಿಗೆ ತರಬೇತಿ ಕೊಡುವ ಸಾಹೇಬರು ಬರೆದುಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಸ್ಲೈಡು ಮಾಡಿಕೊಡುವುದು ಅವಳ ಕೆಲಸ.

ಸ್ಲೈಡುಗಳಿಗೆಂದು ಕಂಪ್ಯೂಟರಿನಲ್ಲಿ ಸಿಗುತ್ತಿದ್ದ ಚಿತ್ರಗಳಲ್ಲಿ ಕೋಟು ಹಾಕಿದವರು ಕೈ ಕುಲುಕುತ್ತಿದ್ದರು. ನನ್ನನ್ನು ಚಿಕ್ಕಮ್ಮನಂತೆ ಕಾಕೂ ಎನ್ನುತ್ತಿದ್ದ ಮಂಜುಳಾ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಗುತ್ತಿದ್ದಳು. "ತಗಡು ಹೊರೂ ಮಂದಿಗೆ ಈ ಟೈ ಕಟ್ಟಿದವರನ್ನ ತೋರಿಸಿ ಏನ್ ಕಲಸೂದ್ರಿ, ಕಾಕೂ?"

ಒಂದು ದಿನ ರದ್ದಿ ಕಾಗದದ ಬೆನ್ನಿಗೆ ಬಾಲ್‌ಪೆನ್ನಿನಿಂದ ಅವಳೇ ಚಿತ್ರ ಬರೆದಳು. ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಕೈಕಾಲಿಗೆ ನಾಲ್ಕು. ಬೆನ್ನು ಬಗ್ಗಿಸಿ ಪೆಟ್ಟಿಗೆ ಎತ್ತುವ ಒಬ್ಬ, ಮೊಣಕಾಲು ಮಡಿಸಿ ಎತ್ತುವ ಇನ್ನೊಬ್ಬ. ತರಬೇತಿಯಲ್ಲಿ ಯಾವಾಗಲೂ ತೂಕಡಿಸುತ್ತಿದ್ದ ಕೂಲಿಗಳು ಅವತ್ತು ಎದ್ದು ಕೂತರಂತೆ. "ಲೇ, ಇಂವ ನಮ್ಮ ಅಮಸಿದ್ದನ ನೋಡ, ಹೊಟ್ಟೀನ ಇಲ್ಲ!" ಎಂದು ನಮ್ಮ ಕಡೆಯ ಕೂಲಿಯೊಬ್ಬ ಕೂಗಿದನಂತೆ.

ಎರಡು ಸಾವಿರದ ಎಂಟರ ಹೊತ್ತಿಗೆ ಅಂಥ ನೂರು ಚಿತ್ರಗಳಾದವು. ಅವಳು ಅವನ್ನೆಲ್ಲ ಅಂತರ್ಜಾಲದಲ್ಲಿ ಒಂದು ಬ್ಲಾಗ್ ತೆರೆದು ಇಟ್ಟಳು. ಮೇಲೆ ಇಷ್ಟೇ ಬರೆದಿದ್ದಳು: ಯಾರು ಬೇಕಾದರೂ ತಗೊಳ್ಳಿ, ನನ್ನನ್ನು ಕೇಳಬೇಕಿಲ್ಲ, ನಿಮ್ಮ ಹೆಸರು ಹೇಳಬೇಕಿಲ್ಲ. ಅವಳ ತಂದೆ ಊರಿನ ಮಠದ ದಾಸೋಹದಲ್ಲಿ ಬಡಿಸುತ್ತಿದ್ದವರು. ಉಣ್ಣಲು ಕೂತವನ ಹೆಸರು ಕೇಳಬಾರದು ಎನ್ನುವುದು ಅವರು ಮಗಳಿಗೆ ಕಲಿಸಿದ ಪಾಠ. ನನಗೂ ಅದು ಸರಿ ಅನ್ನಿಸಿತ್ತು. ದೇವರು ಕೈಗೆ ಕೊಟ್ಟದ್ದನ್ನು ಲೆಕ್ಕವಿಲ್ಲದೆ ಬಡಿಸುವ ಹುಡುಗಿ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಎರಡು ಸಾವಿರದ ಹನ್ನೊಂದರ ಮಾಘದಲ್ಲಿ ಔರಂಗಾಬಾದಿನಿಂದ ಒಂದು ಇಮೇಲ್ ಬಂತು. ಬರೆದವರು ವಾಳೂಜ್ ಕಡೆಯ ಒಂದು ಕಾರ್ಖಾನೆಯ ತರಬೇತಿ ಅಧಿಕಾರಿ ಮಧುಕರ. ಅವಳ ಚಿತ್ರಗಳನ್ನು ಅವರು ತಗಡು ಒತ್ತುವ ಪ್ರೆಸ್ ಮಷೀನಿನ ಪಕ್ಕದ ಗೋಡೆಗೆ ಹಚ್ಚಿದ್ದರು. ಅದೇ ಮಷೀನಿನಲ್ಲಿ ಮಹಿಬೂಬ ಎಂಬ ಹೊಸ ಕೆಲಸಗಾರನ ಎರಡು ಬೆರಳು ಹೋಗಿದ್ದವು. ಚಿತ್ರ ಸ್ಪಷ್ಟವಾಗಿದೆ, ಅದನ್ನು ಮೀರಿ ನಡೆದದ್ದು ಕೆಲಸಗಾರನ ತಪ್ಪು ಎಂದು ಚಿತ್ರ ಬರೆದವರಿಂದಲೇ ಅವರಿಗೆ ಒಂದು ಪತ್ರ ಬೇಕಿತ್ತು. ಆ ಪತ್ರ ಸಿಕ್ಕರೆ ವಿಚಾರಣೆ ಮುಗಿಯುತ್ತದೆ, ಅವನನ್ನು ಕೆಲಸದಿಂದ ತೆಗೆಯಲಾಗುತ್ತದೆ.

ಮಂಜುಳಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಪತ್ರ ಬರೀಲಿಕ್ಕೆ ಒಂದ್ ತಾಸು ಸಾಕ್ರಿ. ಆದ್ರ ಆ ಮನಶಾನ್ನ ನೋಡದ ಹೆಂಗ ಬರೀಲಿ? ಕಾಕೂ, ನೀವೂ ಬರ್ರಿ" ಎಂದಳು. ಯೇವಲಾ ದಾಟಿ ವೈಜಾಪುರದವರೆಗೂ ಬಸ್ಸಿನಲ್ಲಿ ಅವಳು ಆ ಮಷೀನಿನ ಚಿತ್ರದ ಹಾಳೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದಳು. ನಾನು ಜಪಮಾಲೆ ಹಿಡಿದು ಕೂತಿದ್ದೆ.

ಮಧುಕರ ಒಳ್ಳೆಯವರೇ. ಚಹಾ ತರಿಸಿದರು, ಅಕ್ಕನನ್ನು ಕರೆದ ಹಾಗೆ ಮರಾಠಿಯಲ್ಲಿ "ತಾಈ, ನಿಮ್ಮ ಕಡೆ ಯಾರೂ ಬೆರಳು ತೋರಿಸುವುದಿಲ್ಲ" ಎಂದು ಧೈರ್ಯ ಹೇಳಿದರು. ಗೋಡೆಯ ಮೇಲೆ ಒಂದೇ ಸಾಲಿನಲ್ಲಿ ಮೂರು ಚಿತ್ರಗಳಿದ್ದವು. ಎಡಗಡೆ, ಕಡ್ಡಿ ಮನುಷ್ಯ ಸ್ವಿಚ್ಚು ಒತ್ತುತ್ತಾನೆ. ನಡುವೆ, ಸ್ವಿಚ್ಚಿನ ಬೀಗಕ್ಕೆ ಕೈ ಇಟ್ಟಿದ್ದಾನೆ. ಬಲಗಡೆ, ಮಷೀನಿನೊಳಗೆ ಕೈ ಹಾಕಿ ಸಿಕ್ಕಿಕೊಂಡ ತಗಡು ತೆಗೆಯುತ್ತಾನೆ. ಬಂದ್ ಮಾಡು, ಬೇರೆ ಯಾರೂ ಚಾಲೂ ಮಾಡದಂತೆ ಬೀಗ ಹಾಕು, ಆಮೇಲೆ ಕೈ ಹಾಕು. ನನಗೂ ತಿಳಿಯುವಷ್ಟು ಸರಳ.

"ಚಿತ್ರ ನೋಡಿದ್ದೆಯಾ ಎಂದು ಕೇಳಿದೆವು. ಹೌದು ಎಂದು ಅವನೇ ಒಪ್ಪಿದ್ದಾನೆ" ಎಂದರು ಮಧುಕರ.

ಮಹಿಬೂಬನ ಕೋಣೆ ಕಾರ್ಖಾನೆಯ ಹಿಂದಿನ ತಗಡಿನ ಸಾಲಿನಲ್ಲಿತ್ತು. ಅವನೂ ಇಂಡಿ ಕಡೆಯವನೇ. ಕನ್ನಡ ಕೇಳಿದ್ದೇ ಅವನ ತಾಯಿ ಒಳಗೆ ಕರೆದು ಚಾಪೆ ಹಾಸಿದಳು. ಆದರೆ ಬಂದವಳು ಯಾರೆಂದು ತಿಳಿದ ಮೇಲೆ ಸುಮ್ಮನಿರಲಿಲ್ಲ.

"ನೀನ ಏನವಾ ಆ ಕಡ್ಡಿ ಮನಶಾನ ತಾಯಿ? ಅದಕ್ಕ ಕಣ್ಣಿಲ್ಲ, ಬಾಯಿಲ್ಲ. ಅದರ ಮಾತ ಕೇಳಿ ನನ್ನ ಮಗ ಬೆರಳ ಕಳಕೊಂಡಾನ!"

"ಅಮ್ಮಾ, ಸುಮ್ನಿರ" ಎಂದ ಮಹಿಬೂಬ. ಎಡಗೈಯಿಂದ ಬಲಗೈಯ ಪಟ್ಟಿಯನ್ನು ಮುಚ್ಚಿಕೊಂಡ.

ಮಂಜುಳಾ ಚಿತ್ರದ ಹಾಳೆಯನ್ನು ಅವನ ಮುಂದೆ ಹಾಸಿದಳು. "ತಪ್ಪು ಒಪ್ಪು ಬ್ಯಾಡಪಾ. ಇದರಾಗ ಏನ್ ಐತಿ ಅಂತ ನನಗ ಓದಿ ಹೇಳು, ಅಷ್ಟ."

ಅವನ ಬೆರಳು ಹಾಳೆಯ ಬಲ ತುದಿಗೆ ಹೋಯಿತು. ಅಲ್ಲಿಂದ ಎಡಕ್ಕೆ ಸರಿಯಿತು. "ಮೊದಲ ತಗಡು ಸಿಕ್ಕಿದ್ದು ತೆಗದಾನ್ರಿ, ಅಕ್ಕಾರ. ಆಮ್ಯಾಲ ಬೀಗ ತೆಗದಾನ. ಕಡೀಕ ಸ್ವಿಚ್ ಒತ್ತಿ ಚಾಲೂ ಮಾಡ್ಯಾನ. ನಾನೂ ಹಂಗ ತೆಗೀಲಿಕ್ಕೆ ಹ್ವಾದೆ. ಬೀಗ ಇರಲಿಲ್ಲ. ಯಾರೋ ಮೊದಲ ತೆಗದಾರ ಅಂದ್ಕೊಂಡೆ. ತಗಡು ಸಿಕ್ಕಿ ನಿಂತ ಮಷೀನು, ಸ್ವಿಚ್ ಬಂದ್ ಮಾಡದ ಕೈ ಹಾಕಿದೆ, ಮ್ಯಾಲಿಂದ ಬಡೀತ್ರಿ."

"ಬಲಗಡಿಂದ ಯಾಕ ಓದಿದಿ?"

ಆ ಪ್ರಶ್ನೆಯೇ ಅವನಿಗೆ ವಿಚಿತ್ರವೆನ್ನಿಸಿತು. "ಉರ್ದು ಸಾಲ್ಯಾಗ ನಾಕನೇತ್ತಾ ಕಲ್ತೀನ್ರಿ. ಹಾಳಿ ಸುರು ಆಗೂದು ಬಲಗಡಿಂದನ ಅಲ್ಲ?"

ಮಂಜುಳಾ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಚಿತ್ರದಲ್ಲಿ ಅಂಕಿ ಇರಲಿಲ್ಲ, ಬಾಣದ ಗುರುತಿರಲಿಲ್ಲ. ತಗೊಂಡವರು ತಮ್ಮ ಭಾಷೆಯಲ್ಲಿ ಹಾಕಿಕೊಳ್ಳಲಿ ಎಂದು ಮಂಜುಳಾ ಜಾಗ ಖಾಲಿ ಬಿಟ್ಟಿದ್ದಳು. ಮಧುಕರ ಹಾಕಿಕೊಂಡಿರಲಿಲ್ಲ.

"ಇದನ್ನ ಸಾಹೇಬ್ರಿಗೆ ಯಾಕ ಹೇಳಲಿಲ್ಲೋ ತಮ್ಮಾ?" ಎಂದು ನಾನು ಕೇಳಿದೆ.

"ನೋಡಿದ್ಯೇನು ಅಂತ ಕೇಳಿದ್ರು, ನೋಡೀನಿ ಅಂದೆ. ಹೆಂಗ ನೋಡಿದಿ ಅಂತ ಯಾರ ಕೇಳ್ಯಾರ್ರಿ, ಅವ್ವಾರ?"

ಮಂಜುಳಾ ಅವನ ಮನೆಯಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಪತ್ರ ಬರೆದಳು. ಮಹಿಬೂಬ ಚಿತ್ರ ಹೇಳಿದಂತೆಯೇ ನಡೆದಿದ್ದಾನೆ, ತಪ್ಪು ಚಿತ್ರದ್ದು, ಬರೆದವಳು ನಾನು ಎಂದು. ಕಾರ್ಖಾನೆಗೆ ಮರಳಿ ಕೊಟ್ಟಾಗ ಮಧುಕರ ಅದನ್ನು ಎರಡು ಸಲ ಓದಿದರು. "ತಾಈ, ಇದು ನಿಮ್ಮ ಕಾರ್ಖಾನೆಯವರೆಗೂ ಹೋಗಬಹುದು" ಎಂದರು. "ಹೋಗಲಿ" ಎಂದಳು. ನಮ್ಮನ್ನು ಕಳಿಸಲು ಬಂದಾಗ ಬಾಗಿಲಲ್ಲಿ ಅವರು ದನಿ ತಗ್ಗಿಸಿ, ಅಂಕಿ ಹಾಕಬೇಕೆಂದು ತಮಗೂ ಹೊಳೆಯಲಿಲ್ಲ ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮಹಿಬೂಬನನ್ನು ಕೆಲಸದಿಂದ ತೆಗೆಯಲಿಲ್ಲ. ಸ್ಟೋರಿನಲ್ಲಿ ಕೈಗವಸು ಹಂಚಲು ಕೂರಿಸಿದ್ದಾರೆಂದು ನಾಲ್ಕು ತಿಂಗಳ ಮೇಲೆ ಅವನೇ ಫೋನು ಮಾಡಿ ಹೇಳಿದ. ಅವನ ತಾಯಿ ಫೋನಿಗೆ ಬರಲಿಲ್ಲ. ಸಿನ್ನರಿನಲ್ಲಿ ಮಂಜುಳಾಳ ಕೆಲಸವೂ ಉಳಿಯಿತು. ಆದರೆ ಸಾಹೇಬರು ಅವಳಿಂದ ಚಿತ್ರ ಬರೆಸುವುದನ್ನು ನಿಲ್ಲಿಸಿದರು.

ಅವಳನ್ನು ಹಣ್ಣು ಮಾಡಿದ್ದು ಅದಲ್ಲ. ಬ್ಲಾಗಿನಲ್ಲಿದ್ದ ಒಂದೊಂದು ಚಿತ್ರವನ್ನೂ ತೆಗೆದು, ಅಂಕಿ ಬರೆದು, ಬಾಣ ಹಾಕಿ ಮತ್ತೆ ಇಟ್ಟಳು. ಆ ಮೂರು ಚಿತ್ರಗಳನ್ನು ಅದುವರೆಗೆ ಸಾವಿರದ ಮುನ್ನೂರು ಸಲ ಇಳಿಸಿಕೊಂಡಿದ್ದರೆಂದು ಕಂಪ್ಯೂಟರು ತೋರಿಸಿತು. ಯಾರು, ಯಾವ ಊರು, ಯಾವ ಗೋಡೆ? ಹೆಸರು ಹೇಳಬೇಕಿಲ್ಲ ಎಂದವಳು ಅವಳೇ. ಹಳೆಯದನ್ನು ಕಿತ್ತುಹಾಕಿ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಏಳು ಜನ ಉತ್ತರ ಕೊಟ್ಟರು.

"ಬಡಿಸಿದ ಅನ್ನದಾಗ ಹರಳಿತ್ತಂತ ಈಗ ಗೊತ್ತಾಗೇತ್ರಿ, ಕಾಕೂ. ಉಂಡು ಹ್ವಾದವರನ್ನ ಎಲ್ಲಿ ಹುಡಕಲಿ?" ಎಂದಳು ಒಂದು ಸಂಜೆ. ನಾನು ಒಲೆ ಆರಿಸಿದೆ. ಅವಳ ಪಕ್ಕ ಕೂತೆ.

ಮರುವರ್ಷ ನನ್ನ ಮೊಣಕಾಲು ತೋರಿಸಲು ಇಬ್ಬರೂ ಒಂದು ದವಾಖಾನೆಗೆ ಹೋಗಿದ್ದೆವು. ಕೈ ತೊಳೆಯುವ ತೊಟ್ಟಿಯ ಮೇಲೆ, ಬಣ್ಣ ಮಾಸಿದ ಹಾಳೆಯಲ್ಲಿ ಅವಳ ಕಡ್ಡಿ ಮನುಷ್ಯರು ಸಾಲಾಗಿ ನಿಂತಿದ್ದರು. ನಲ್ಲಿ, ಸಾಬೂನು, ಬಟ್ಟೆ. ಅಂಕಿಯಿಲ್ಲ. ಮಂಜುಳಾ ಚೀಲದಿಂದ ಪೆನ್ನು ತೆಗೆದಳು.

"ಓ ಬಾಈ, ಗೋಡೆ ಮೇಲೆ ಏನು ಗೀಚುತ್ತೀಯೆ? ಸಣ್ಣ ಮಗುವೇನು?" ಎಂದು ಆಯಾ ಮರಾಠಿಯಲ್ಲಿ ಗದರಿದಳು.

"ಒಂದೇ ನಿಮಿಷ, ಮಾವಶಿ" ಎಂದು ಮಂಜುಳಾ ತುದಿಗಾಲಲ್ಲಿ ನಿಂತು ಒಂದು, ಎರಡು, ಮೂರು ಎಂದು ಬರೆದಳು. ಮೊದಲು ಮರಾಠಿ ಅಂಕಿ, ಅದರ ಕೆಳಗೆ ಉರ್ದು ಅಂಕಿ. ಉರ್ದು ಅಂಕಿಗಳನ್ನು ಫೋನಿನಲ್ಲಿ ಮಹಿಬೂಬನನ್ನು ಕೇಳಿ ಕಲಿತಿದ್ದಳು. ಎರಡು ಚಿತ್ರಗಳ ನಡುವೆ ಹಾಕಿದ ಬಾಣ ಸೊಟ್ಟಗಾಯಿತು. ಅಳಿಸಲು ಬರುವಂತಿರಲಿಲ್ಲ. ಅದರ ಮೇಲೆಯೇ ಇನ್ನೊಮ್ಮೆ ದಪ್ಪಗೆ ತಿದ್ದಿದಳು.