ಬೆಳ್ಳಪ್ಪ ಹೊಲಿದ ಎರಡು ಒಳಜೇಬು

ಹೊಸನಗರದ ಪೇಟೆಯಲ್ಲಿ ಆಗ ಕೋಟು ಹೊಲಿಯುವವನೆಂದರೆ ಬೆಳ್ಳಪ್ಪ ಒಬ್ಬನೇ. ಅಂಗಿ, ರವಿಕೆ ಹೊಲಿಯುವವರು ಬೇರೆಯವರೂ ಇದ್ದರು. ಆದರೆ ಹೆಗಲು ಕೂರಿಸಿ, ಒಳಗೆ ಅಸ್ತರು ಕೊಟ್ಟು, ಬೆನ್ನ ಮೇಲೆ ಒಂದು ಸುಕ್ಕು ಬೀಳದ ಹಾಗೆ ಕೋಟು ಆಗಬೇಕೆಂದರೆ ಮದುವೆ ಗಂಡುಗಳೂ ಮೇಷ್ಟ್ರುಗಳೂ ಅವನ ಜಗಲಿಯನ್ನೇ ಹತ್ತಬೇಕಿತ್ತು. ಗೇಣಿ ಗದ್ದೆ ಮಾಡುವವರ ಮನೆಯಲ್ಲಿ ಹುಟ್ಟಿದವನು. ಎಳವೆಯಲ್ಲಿ ಮುರಿದ ಕಾಲು ಸೊಟ್ಟಗೆ ಕೂಡಿಕೊಂಡಿತು. ಕೆಸರಿಗಿಳಿದು ನೇಗಿಲು ಹಿಡಿಯಲಾರ ಎಂದು ಅಪ್ಪ ಅವನನ್ನು ಸಾಗರದ ಒಬ್ಬ ದರ್ಜಿಯ ಹತ್ತಿರ ಬಿಟ್ಟು ಬಂದಿದ್ದ.

ಅಳತೆ ತೆಗೆಯುವವನಿಗೆ ಊರಿನ ಗುಟ್ಟು ತಾನಾಗಿ ತಿಳಿಯುತ್ತದೆ. ಯಾರು ಸೊರಗಿದರು, ಯಾರ ಎದೆ ಡವಗುಟ್ಟುತ್ತಿದೆ, ಯಾರ ಮೈ ಬೆವರುತ್ತಿದೆ ಎಂದು ಟೇಪು ಹಿಡಿದ ಬೆರಳಿಗೇ ಗೊತ್ತಾಗುತ್ತದೆ. ಅದನ್ನು ಹೊರಗೆ ಆಡಬಾರದು ಎಂದು ಕಲಿಸಿದವನು ಹೇಳಿದ್ದ. ಬೆಳ್ಳಪ್ಪ ಅದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ.

ಅವನ ಹಳೆಯ ಗಿರಾಕಿಗಳಲ್ಲಿ ಶ್ರೀಕೃಷ್ಣ, ವೆಂಕಟ್ರಮಣ ಇಬ್ಬರೂ ಇದ್ದರು. ಕೂಡಿ ಮರದ ನಾಟಾ ವ್ಯಾಪಾರ ಶುರುಮಾಡಿದ ಗೆಳೆಯರು. ದೀಪಾವಳಿಗೆ ಒಂದೇ ಥಾನಿನಿಂದ ಬಟ್ಟೆ ಹರಿಸಿ ಇಬ್ಬರೂ ಒಂದೇ ಥರದ ಕೋಟು ಹೊಲಿಸುತ್ತಿದ್ದರು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿದ್ದಂತೆ, ನೀರು ಬರುವ ಮೊದಲೇ ಮುಳುಗಡೆಯ ಕಾಡು ಕಡಿದು ಸಾಗಿಸುವ ಕೆಲಸ ಬಂತು. ಅದರಲ್ಲಿ ಇಬ್ಬರೂ ಏಳಿಗೆ ಕಂಡರು. ಏಳಿಗೆಯ ಬೆನ್ನಿಗೇ ಜಗಳವೂ ಬಂತು. ಒಂದು ಲಾರಿ ಬೀಟೆಮರ ದಾರಿಯಲ್ಲೇ ಕಾಣೆಯಾಯಿತು. ನೀನು ಮಾರಿಕೊಂಡೆ ಎಂದು ಅವನು, ನೀನೇ ಎಂದು ಇವನು. ಪಾಲುಗಾರಿಕೆ ಒಡೆಯಿತು. ಶ್ರೀಕೃಷ್ಣನ ನಾಟಾ ರಾಶಿಗೆ ಬೆಂಕಿ ಬಿತ್ತು. ವೆಂಕಟ್ರಮಣನ ಮನೆಯ ನಾಯಿ ನೊರೆ ಕಾರಿ ಸತ್ತಿತು. ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲ. ಊರು ಮಾತ್ರ ಪಿಸುಗುಟ್ಟುತ್ತಿತ್ತು.

ಅರವತ್ತಮೂರನೇ ಇಸವಿಯ ಮಾಗಿಯಲ್ಲಿ ಒಂದು ಬೆಳಿಗ್ಗೆ ಶ್ರೀಕೃಷ್ಣ ಜಗಲಿ ಹತ್ತಿದ.

"ಒಂದು ಕೋಟು ಆಗ್ಬೇಕು ಬೆಳ್ಳಪ್ಪ. ಒಳಗಡೆ ಒಂದು ಜೇಬು ಇಡು. ಎಂತ ಇದೆ ಅಂತ ಹೊರಗೆ ಕಾಣ್ಬಾರ್ದು."

"ಎಂತ ಇಡ್ತೀರಿ ಸಾವ್ಕಾರ್ರೆ? ಗಾತ್ರ ಗೊತ್ತಾದ್ರೆ ಅಳತೆ ಸರಿ ಬರ್ತದೆ."

ಶ್ರೀಕೃಷ್ಣ ಬೀದಿಯ ಕಡೆ ನೋಡಿದ. ಬಾಗಿಲನ್ನು ಅರ್ಧ ಎಳೆದು, ಪಂಚೆಯ ಗಂಟು ಬಿಚ್ಚಿ, ಕತ್ತರಿಸಿಟ್ಟ ಬಟ್ಟೆಯ ಮೇಲೆ ಒಂದು ರಿವಾಲ್ವರ್ ಇಟ್ಟ. ಗಿಡ್ಡ ಮೂತಿ, ನಡುವೆ ಗುಂಡು ತುಂಬುವ ಉಬ್ಬಿದ ಉರುಳೆ. ಬೆಳ್ಳಪ್ಪ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಉದ್ದ ಕೋವಿ ನೋಡಿದ್ದ. ಅದು ಹಂದಿಗೆ, ಮಂಗಕ್ಕೆ. ಇದು ಯಾತಕ್ಕೆ ಎಂದು ಕೇಳಬೇಕಾಗಿರಲಿಲ್ಲ.

"ಲೈಸೆನ್ಸ್ ಇದೆ, ಹೆದರ್ಬೇಡ. ಶಿವಮೊಗ್ಗದ ಅಂಗಡೀಲಿ ಚಪ್ಪಟೆ ಪಿಸ್ತೂಲೂ ತೋರಿಸ್ದ. ಜೇಬಲ್ಲಿದ್ರೆ ಗೊತ್ತೇ ಆಗಲ್ಲ. ಆದ್ರೆ ಅದ್ರಲ್ಲಿ ಒಂದು ಗುಂಡು ಠುಸ್ ಅಂದ್ರೆ ಅಲ್ಲೇ ಸಿಕ್ಕಿ ಕೂತ್ಕಳ್ತದಂತೆ, ಎರಡೂ ಕೈ ಹಾಕಿ ಎಳ್ದು ತೆಗೀಬೇಕು. ಇದು ಹಂಗಲ್ಲ. ಒಂದು ಹಾರ್ಲಿಲ್ವಾ, ಮತ್ತೆ ಬೆರಳಲ್ಲಿ ಕುದುರೆ ಎಳೆದ್ರಾಯ್ತು, ಮುಂದಿಂದು ತಾನೇ ಬರ್ತದೆ. ಯೋಚ್ನೆ ಮಾಡೋದೇ ಬೇಡ."

ಗುಂಡಿನದೇ ಕಷ್ಟ ಎಂದ. ಹೊರದೇಶದ ಮಾಲು ಬರುವುದು ನಿಂತಿತ್ತು. ಅಂಗಡಿಯವನ ಹಳೆಯ ಡಬ್ಬಿಯಲ್ಲಿ ಅರ್ಧಕ್ಕೆ ಹಸಿರು ಕಿಲುಬು. ಒಂದೊಂದನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿ ಆರಿಸಿ ತಂದಿದ್ದ. ತಂಡಿ ತಾಗದಿರಲೆಂದು ಮುಚ್ಚಳದ ಡಬ್ಬಿಯಲ್ಲಿ ಹುರಿದ ಅಕ್ಕಿಯ ನಡುವೆ ಹುಗಿದಿಟ್ಟಿದ್ದ. ಮಗಳ ಮದುವೆಗೆ ಒಡವೆ ಆರಿಸಿದವನ ಹಾಗೆ ಇದನ್ನೆಲ್ಲ ಹೇಳುತ್ತಿದ್ದ. ಬೆಳ್ಳಪ್ಪ ಅವನ ಎದೆಗೆ ಟೇಪು ಸುತ್ತಿದಾಗ ಹಳೆಯ ಅಳತೆಗಿಂತ ಎಷ್ಟೋ ಇಳಿದಿತ್ತು.

ರಿವಾಲ್ವರಿನ ಉಬ್ಬು ಅಡಗಲು ಎದೆಯನ್ನು ಸಡಿಲ ಬಿಟ್ಟು, ಕ್ಯಾನ್ವಾಸು ಎರಡು ಪದರ ಕೊಟ್ಟು ಬೆಳ್ಳಪ್ಪ ಆ ಕೋಟು ಮುಗಿಸಿದ. ಅದನ್ನು ಒಯ್ದ ವಾರದೊಳಗೇ ವೆಂಕಟ್ರಮಣ ಬಂದ. ಅವನೂ ಬೀದಿಯ ಕಡೆ ನೋಡಿದ. ಅವನೂ ಬಾಗಿಲು ಎಳೆದ.

ಅವನ ಕರವಸ್ತ್ರದೊಳಗೆ ಇದ್ದದ್ದು ಚಪ್ಪಟೆ ಪಿಸ್ತೂಲು. ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಗುಂಡುಗಳೂ ಅವರ ಪೆಟ್ಟಿಗೆಯಲ್ಲಿದ್ದವುಗಳೇ, ಎರಡನೇ ಮಹಾಯುದ್ಧದ ಕಾಲದವು.

"ಹಾರ್ತವಾ ಸಾವ್ಕಾರ್ರೆ ಇವು?" ಬೆಳ್ಳಪ್ಪನ ಬಾಯಿಂದ ತಾನಾಗಿ ಬಂತು.

"ಹಾರ್ಸೋದು ಯಾರು ಮಾರಾಯ. ತೋರಿಸಿದ್ರೆ ಸಾಕಲ್ಲ. ಅದ್ಕೇ ಹಗೂರದ್ದು ನೋಡಿ ತಗಂಡೆ." ಪಿಸ್ತೂಲನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತುತ್ತ, "ಬಗ್ಗಿದಾಗ ಬೀಳ್ಬಾರ್ದು. ಜೇಬಿಗೆ ಒಂದು ಮುಚ್ಚಳ ಇಟ್ಟು ಗುಂಡಿ ಹಾಕು. ಕೃಷ್ಣಂಗೆ ಮಾತ್ರ ಗೊತ್ತಾಗ್ಬಾರ್ದು" ಎಂದ.

ಬೆಳ್ಳಪ್ಪ ಅದನ್ನೂ ಹೊಲಿದ. ಆಮೇಲೆ ಅವನಿಗೆ ಊಟ ರುಚಿಸದಾಯಿತು. ಸಂತೆಯ ದಿನ ಮೆಷೀನು ತುಳಿಯುತ್ತ ಕೂತವನಿಗೆ ಇಬ್ಬರೂ ಎದುರುಬದುರಾಗಿ ಬರುವುದು ಕಂಡಿತು. ಇಬ್ಬರ ಮೈಮೇಲೂ ತಾನು ಹೊಲಿದ ಕೋಟು. ಎಡಗಡೆಯ ಅಂಚು ಕೂದಲೆಳೆಯಷ್ಟು ಜೋತದ್ದು ಸಂತೆಯಲ್ಲಿ ಬೇರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಇಬ್ಬರೂ ಮುಖ ತಿರುಗಿಸಿ ದಾಟಿ ಹೋದರು. ಬೆಳ್ಳಪ್ಪನ ಕಾಲು ಮೆಷೀನಿನ ಮೇಲೆ ನಿಂತುಬಿಟ್ಟಿತ್ತು. ಸೂಜಿ ಬಟ್ಟೆಯಲ್ಲಿ ನೆಟ್ಟುಕೊಂಡಿತ್ತು.

ಇಬ್ಬರ ಹತ್ತಿರವೂ ಇದೆ ಎಂದು ಬಲ್ಲವನು ತಾನೊಬ್ಬ. ಅವರಿಗೂ ಗೊತ್ತಾದರೆ ಇಬ್ಬರೂ ಹೆದರಿ ದೂರ ಇದ್ದಾರು ಎಂದು ಅವನಿಗೆ ತೋರಿತು. ಎದುರಿನದರ ಕೊಂಬು ಕಂಡರೆ ಹೋರಿಯೂ ಹಿಂದೆ ಸರಿಯುತ್ತದೆ. ತನ್ನ ವ್ರತ ಮುರಿದರೂ ಸರಿ, ಹೇಳಬೇಕು ಎಂದುಕೊಂಡ.

ಕಂಕುಳಲ್ಲಿ ಬಿಗಿಯುತ್ತದೆ ಎಂದು ಶ್ರೀಕೃಷ್ಣ ಕೋಟು ಸರಿಮಾಡಿಸಲು ಬಂದ. ಅವನಿಗೆ ಕೋಟು ತೊಡಿಸಿ, ಸೀಮೆಸುಣ್ಣ ಹಿಡಿದು ಹಿಂದೆ ನಿಂತು ಬೆಳ್ಳಪ್ಪ ಹೇಳಿದ:

"ಸಾವ್ಕಾರ್ರೆ, ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡ್ಬೇಡಿ. ವೆಂಕಟ್ರಮಣ ಸಾವ್ಕಾರ್ರ ಹತ್ರಾನೂ ಒಂದು ಪಿಸ್ತೂಲು ಉಂಟು. ಅವರ ದಾರಿಗೆ ಹೋಗ್ಬೇಡಿ ನೀವು."

ಶ್ರೀಕೃಷ್ಣ ಅಲುಗಲಿಲ್ಲ. ಬೆರಳ ಕೆಳಗಿನ ಬೆನ್ನು ಹಲಗೆಯ ಹಾಗೆ ಗಟ್ಟಿಯಾದದ್ದು ಮಾತ್ರ ಬೆಳ್ಳಪ್ಪನಿಗೆ ತಿಳಿಯಿತು.

"ಎಲ್ಲಿ ಇಟ್ಕಳ್ತಾನೆ?"

ಕೇಳಿದ ಧ್ವನಿ ಸಣ್ಣದು. ಗಿರಾಕಿ ಜೇಬು ಎಲ್ಲಿ ಎಂದು ಕೇಳಿದರೆ ತೋರಿಸುವುದು ಬೆಳ್ಳಪ್ಪನ ಕೈಗೆ ರೂಢಿ. ಮುಂದೆ ಬಂದು ಸೀಮೆಸುಣ್ಣದ ತುದಿಯಿಂದ ಶ್ರೀಕೃಷ್ಣನ ಎಡ ಎದೆಯನ್ನು ಮುಟ್ಟಿದ.

"ಇಲ್ಲಿ."

ಶ್ರೀಕೃಷ್ಣ ಆ ಬಿಳಿ ಗುರುತನ್ನು ನೋಡಿಕೊಂಡ, ಕೈಯಿಂದ ಒರೆಸಿದ, ಕಂಕುಳು ಸಡಿಲಮಾಡುವುದನ್ನೂ ಮರೆತು ಇಳಿದು ಹೋದ. ಬೆಳ್ಳಪ್ಪ ಹಿಂದೆಯೇ ಕುಂಟುತ್ತ ಬೀದಿಯವರೆಗೆ ಬಂದ.

ಮುಂದೆ ನಡೆದದ್ದನ್ನು ಅವನಿಗೆ ಹೇಳಿದವನು ಲಾರಿ ಡ್ರೈವರ್ ಶ್ಯಾಮ. ಊರ ಹೊರಗಿನ ನಾಟಾ ಡಿಪೋದಲ್ಲಿ ಮಧ್ಯಾಹ್ನದ ಹೊತ್ತು, ಶ್ಯಾಮ ದಿಮ್ಮಿಗೆ ಹಗ್ಗ ಬಿಗಿಯುತ್ತಿದ್ದ. ಶ್ರೀಕೃಷ್ಣ ಮೊದಲೇ ಬಂದು ನಿಂತಿದ್ದ. ವೆಂಕಟ್ರಮಣ ಜೀಪು ಇಳಿದು ನಾಲ್ಕು ಹೆಜ್ಜೆ ಬಂದ. ಅವನ ಕೈ ಕೋಟಿನ ಒಳಗೆ, ಎದೆಯ ಕಡೆ ಹೋಯಿತು.

"ಶ್ರೀಕೃಷ್ಣ ಸಾವ್ಕಾರ್ರು ತೆಗ್ದು ಹಿಡಿದೇಬಿಟ್ರು ಬೆಳ್ಳಪ್ಪಣ್ಣ. ಟಕ್ ಅಂತು. ಅಷ್ಟೇ. ಹಾರ್ಲಿಲ್ಲ. ನಂಗೆ ಹೋದ ಜೀವ ಬಂತು. ವೆಂಕಟ್ರಮಣ ಸಾವ್ಕಾರ್ರು ಇವರ ಮುಖಾನೇ ನೋಡ್ತಾ, 'ಎಂತ ಕೃಷ್ಣ ಇದು' ಅಂದ್ರು. ಬೈದಂಗಲ್ಲ, ಕೇಳ್ದಂಗೆ ಅಂದ್ರು. ಅಷ್ಟೊತ್ತಿಗೆ ಎರಡನೇದು ಹಾರಿತ್ತು."

ಅಷ್ಟು ಆರಿಸಿ ಇಟ್ಟದ್ದರಲ್ಲೂ ಒಂದು ಸತ್ತ ಗುಂಡು ಉಳಿದುಕೊಂಡಿತ್ತು. ಅದರಿಂದ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಆ ಹೊತ್ತು ಯೋಚನೆಗೆ ಆಗಲಿಲ್ಲ. ಬೆರಳು ಮತ್ತೆ ಎಳೆದಿತ್ತು, ಮುಂದಿನದು ತಾನೇ ಬಂದಿತ್ತು.

ಪೊಲೀಸರು ಸತ್ತ ವೆಂಕಟ್ರಮಣನ ಕೋಟು ತಂದು ಬೆಳ್ಳಪ್ಪನ ಎದುರು ಬಿಚ್ಚಿದರು. ರಕ್ತ ಒಣಗಿ ಅಸ್ತರು ರಟ್ಟಿನ ಹಾಗಾಗಿತ್ತು. ಹೊಲಿಗೆ ನಿನ್ನದಾ ಎಂದರು, ಹೌದು ಎಂದ. ಪಿಸ್ತೂಲು ಜೇಬಿನಲ್ಲೇ ಇತ್ತು. ಮುಚ್ಚಳದ ಗುಂಡಿ ಕಾಜದಲ್ಲಿ ಹಾಕಿದ ಹಾಗೇ ಇತ್ತು. ಆ ಮನುಷ್ಯ ಕೋಟಿನೊಳಗೆ ಯಾತಕ್ಕೆ ಕೈ ಹಾಕಿದ್ದನೋ ಯಾರಿಗೂ ತಿಳಿಯಲಿಲ್ಲ.

ಶಿವಮೊಗ್ಗದ ಕೋರ್ಟಿನಲ್ಲಿ ಸಾಕ್ಷಿಗೆ ನಿಂತಾಗ ಬೆಳ್ಳಪ್ಪ, "ಜಾಗ ತೋರಿಸಿದ್ದು ನಾನು" ಎಂದು ಶುರುಮಾಡಿದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು ಎಂದು ವಕೀಲರು ತಡೆದರು. ಶ್ರೀಕೃಷ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ಕಟಕಟೆಯಲ್ಲಿ ನಿಂತ ಅವನು ಒಮ್ಮೆಯೂ ಬೆಳ್ಳಪ್ಪನ ಕಡೆ ನೋಡಲಿಲ್ಲ.

ಕೋರ್ಟು ಕೇಳದ ಮಾತು ಎದೆಯಲ್ಲಿ ಉಳಿಯಿತು. ವೆಂಕಟ್ರಮಣನ ಹೆಂಡತಿ ವರದಮ್ಮ ತೀರ್ಥಹಳ್ಳಿಯ ತವರಿಗೆ ಹೋಗಿದ್ದಳು. ಬೆಳ್ಳಪ್ಪ ಬಸ್ಸು ಹತ್ತಿ ಅಲ್ಲಿಗೆ ಹೋದ. ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದ, ಸೀಮೆಸುಣ್ಣ ಮುಟ್ಟಿಸಿದ್ದನ್ನೂ ಬಿಡಲಿಲ್ಲ. ಅವಳು ಕಂಬಕ್ಕೆ ಒರಗಿ ಕೇಳಿದಳು. ಅಳಲಿಲ್ಲ.

"ನೀವು ಹೇಳದಿದ್ರೂ ಅವ ಹೊಡೀತಿದ್ನೋ ಏನೋ, ಯಾರಿಗೆ ಗೊತ್ತು" ಎಂದಳು. "ಮನೇಲಿ ಅಂಥದ್ದು ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ ಬೆಳ್ಳಪ್ಪ. ನನ್ನ ಹತ್ರ ಬಂದು ಹೇಳ್ಬೋದಿತ್ತು. ಸರೋಜನ ಹತ್ರ ಹೇಳ್ಬೋದಿತ್ತು. ನಾವಿಬ್ರೂ ಇದ್ವಿ."

ಸರೋಜ ಎಂದರೆ ಶ್ರೀಕೃಷ್ಣನ ಹೆಂಡತಿ. ಆ ಇಬ್ಬರು ಹೆಂಗಸರ ನೆನಪೇ ತನಗೆ ಬಂದಿರಲಿಲ್ಲ ಎಂಬುದು ಬೆಳ್ಳಪ್ಪನಿಗೆ ಆಗ ಹೊಳೆಯಿತು. ಕೈಮುಗಿದ. ವರದಮ್ಮ ಒಳಗೆ ಹೋಗಿ ಒಂದು ಲೋಟ ನೀರು, ಬೆಲ್ಲದ ತುಂಡು ತಂದು ಜಗಲಿಯ ಅಂಚಿನಲ್ಲಿಟ್ಟಳು. ದೂರದಿಂದ ಬಂದವರಿಗೆ ಕೊಡುವುದು ಆ ಮನೆಯ ಕ್ರಮ. ಕುಡಿದೇ ಹೋಗಬೇಕಾಯಿತು.

ಮರುವರ್ಷ ಬೆಳ್ಳಪ್ಪ ಮೆಷೀನನ್ನು ಗಾಡಿಗೆ ಹೇರಿಕೊಂಡು ಕೋಣಂದೂರಿಗೆ ಬಂದ. ಅಲ್ಲಿ ರವಿಕೆ, ಲಂಗ, ಶಾಲೆ ಮಕ್ಕಳ ಚಡ್ಡಿ ಹೊಲಿದುಕೊಂಡು ಬದುಕಿದ. ಕೋಟಿನ ಬಟ್ಟೆ ಹಿಡಿದು ಬಂದವರಿಗೆ ಕಣ್ಣು ಮಂಜು ಎಂದು ಹೇಳಿ, ತೀರ್ಥಹಳ್ಳಿಯ ದರ್ಜಿಯ ಹೆಸರು ಕೊಟ್ಟು ಕಳಿಸುತ್ತಿದ್ದ.