ಬ್ಯಾರಿಸ್ಟರ್ ತಿಂದ ಹೋಟೆಲು

ಈಗ ನವಿ ಮುಂಬೈಯ ಕೋಪರಖೈರಣೆಯಲ್ಲಿ ಯಾರದೋ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುವ ಲೋಕನಾಥ ನನ್ನ ಭಾವ. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಠಾಣೆಗೆ ಬಂದು, ಕಂಡವರ ಎಂಜಲು ತಟ್ಟೆ ತೊಳೆದು, ಕೊನೆಗೆ ಕಲ್ಯಾಣ ಸ್ಟೇಷನ್ನಿನ ಎದುರು ಬಾಡಿಗೆ ಕೋಣೆಯಲ್ಲಿ ಸ್ವಂತ ಹೋಟೆಲು ಹಾಕಿದವನು. ಆ ಹೋಟೆಲನ್ನು ಬೆಂಕಿ ಸುಡಲಿಲ್ಲ, ಕಳ್ಳರು ದೋಚಲಿಲ್ಲ. ಒಂದು ಕೇಸು ಗೆದ್ದು ಕಳೆದುಕೊಂಡ.

ಕಟ್ಟಡದ ಮಾಲೀಕನ ಹೆಸರು ಮಾತ್ರ ಹರಿಶ್ಚಂದ್ರ. ತುರ್ತುಪರಿಸ್ಥಿತಿ ಮುಗಿದ ವರ್ಷ, ಭಾವ ಬಾಡಿಗೆಯನ್ನೇ ಕೊಟ್ಟಿಲ್ಲ, ಕೋಣೆ ಬಿಡಿಸಿಕೊಡಿ ಎಂದು ದಾವೆ ಹೂಡಿದ. ಹಸಿ ಸುಳ್ಳು. ರಸೀದಿಗಳೆಲ್ಲ ಇದ್ದವು. ಕಲ್ಯಾಣದ ನಮ್ಮ ವಕೀಲ ಮುರಾರಿ, "ಇದಕ್ಕೆ ನಾನೊಬ್ಬ ಸಾಕು" ಎಂದಿದ್ದರು. ಅಷ್ಟರಲ್ಲಿ ಮಾಲೀಕ ಮುಂಬೈಯಿಂದ ದೊಡ್ಡ ವಕೀಲನನ್ನು ತರುತ್ತಾನೆಂಬ ಸುದ್ದಿ ಹಬ್ಬಿತು. ನಾವೋ, ಎದುರಿನ ಹೋಟೆಲಿನವನು ಒಂದು ಫ್ಯಾನು ಹಾಕಿದರೆ ಎರಡು ಹಾಕುವ ಜನ.

"ಅವ ವಕೀಲನ್ನ ತಂದ್ರೆ ನಾನು ಬ್ಯಾರಿಸ್ಟರನ್ನೇ ತರ್ತೇನೆ ಮಾರಾಯಾ. ಗೆದ್ರೆ ಖರ್ಚೆಲ್ಲ ಅವನೇ ಕೊಡ್ಬೇಕಲ್ಲ!" ಎಂದ ಭಾವ.

ಬ್ಯಾರಿಸ್ಟರ್ ಬಂದ. ಮುಂಬೈಯ ಫೋರ್ಟಿನಿಂದ ಟ್ಯಾಕ್ಸಿ, ಜತೆಗೆ ಬ್ಯಾಗು ಹೊರಲು ಗುಮಾಸ್ತ. ನಮ್ಮ ಹೋಟೆಲಿನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತ. ಭಾವನ ಹೆಂಡತಿ ವಿಮಲಕ್ಕ ಕೈಯಾರೆ ತಂದಿಟ್ಟ ಕಾಫಿಯನ್ನು ಮೂಸಿಯೂ ನೋಡಲಿಲ್ಲ. ಕೇಸು ಮುಂದಕ್ಕೆ ಹೋದ ದಿನವೂ ಫೀಸು ಪೂರ್ತಿ, ಟ್ಯಾಕ್ಸಿಯೂ ಪೂರ್ತಿ. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೆ ವಾದ ಮಾಡಿದವರು ಮುರಾರಿಯವರೇ. ಈ ಮಹಾಶಯ ಎದ್ದು ನಿಂತು, "ನನ್ನ ಜೂನಿಯರ್ ಎಲ್ಲ ಹೇಳಿದ್ದಾರೆ" ಎಂದು ಕೂತುಬಿಟ್ಟ. ಥೂ!

ದಾವೆ ಖರ್ಚು ಸಹಿತ ವಜಾ ಆಯಿತು. ಅಂದು ಹೋಟೆಲಿಗೆ ಬಂದವರಿಗೆಲ್ಲ ಗೋಳಿಬಜೆ ಪುಕ್ಕಟೆ.

ಆದರೆ ಕೋರ್ಟು ಮಾಲೀಕನಿಂದ ಕೊಡಿಸಿದ್ದು ಸ್ಟಾಂಪಿನ ದುಡ್ಡು, ಸಾಕ್ಷಿಗಳ ಭತ್ಯೆ, ಒಬ್ಬ ವಕೀಲನಿಗೆಂದು ನಿಯಮದಲ್ಲಿದ್ದಷ್ಟು ಫೀಸು. ಬ್ಯಾರಿಸ್ಟರನ ಟ್ಯಾಕ್ಸಿಗೂ ಅದು ಸಾಲದು. ಬ್ಯಾರಿಸ್ಟರನ ಖರ್ಚನ್ನೂ ಕೊಡಿಸಿ ಎಂದು ಮುರಾರಿ ಅರ್ಜಿ ಹಾಕಿದರು. ನ್ಯಾಯಾಧೀಶರು ಭಾವನನ್ನೇ ನೋಡಿ, "ರಸೀದಿ ತೋರಿಸಲು ಬ್ಯಾರಿಸ್ಟರ್ ಯಾಕೆ ಬೇಕಿತ್ತು? ನಿಮ್ಮ ಷೋಕಿಗೆ ಎದುರು ಪಾರ್ಟಿ ಯಾಕೆ ದುಡ್ಡು ಕೊಡಬೇಕು?" ಎಂದರು. ಮಾತು ಸುಳ್ಳಲ್ಲ. ಅದಕ್ಕೇ ಮೈಯೆಲ್ಲ ಉರಿಯಿತು.

ಬಾಕಿ ಫೀಸಿಗಾಗಿ ಗುಮಾಸ್ತ ಶನಿವಾರಕ್ಕೊಮ್ಮೆ ಬಂದು, ಗಲ್ಲಾದ ಪಕ್ಕ ಕೂತು, ಪುಕ್ಕಟೆ ಇಡ್ಲಿ ತಿನ್ನತೊಡಗಿದ. ಭಾವ ಆಗಲೇ ಸಿಕ್ಕಸಿಕ್ಕಲ್ಲಿ ಸಾಲ ಮಾಡಿಯಾಗಿತ್ತು. ಹೋಟೆಲು ಬಿಟ್ಟು, ಬಾಡಿಗೆಯ ಹಕ್ಕು ಬಿಟ್ಟುಕೊಟ್ಟವನಿಗೆ ಸಿಗುವ ಪಗಡಿ ಹಣ ಪಡೆಯದೆ ಬೇರೆ ದಾರಿಯಿರಲಿಲ್ಲ. ಪಗಡಿ ಕೊಟ್ಟು ಕೋಣೆ ತೆಗೆದುಕೊಳ್ಳಲು ಬಂದವನು ಯಾರು? ಸೋತ ಹರಿಶ್ಚಂದ್ರನೇ! "ಏನು ಶೇಠ್, ಮೊದಲೇ ಬಿಟ್ಟಿದ್ದರೆ ಇಬ್ಬರಿಗೂ ವಕೀಲರ ಖರ್ಚು ಉಳಿಯುತ್ತಿತ್ತಲ್ಲ" ಎಂದು ಮರಾಠಿಯಲ್ಲಿ ಹೇಳಿ ಹಲ್ಲು ಕಿಸಿದ. ಭಾವ ಬೀಗದಕೈ ಕೊಟ್ಟ.

ಆ ಹಣ ಹಿಡಿದು ಇಬ್ಬರೂ ಫೋರ್ಟಿಗೆ ಹೋದೆವು. ಬ್ಯಾರಿಸ್ಟರ್ ನೋಟಿನ ಕಟ್ಟನ್ನು ಗುಮಾಸ್ತನ ಕಡೆ ತಳ್ಳಿ, ಭಾವನ ಮುಖ ನೋಡಿದ. ಗುರುತು ಹತ್ತಲಿಲ್ಲ.

"ಯಾವ ಕೇಸು ನಿಮ್ಮದು?" ಎಂದು ಹಿಂದಿಯಲ್ಲಿ ಕೇಳಿದ.

"ಕಲ್ಯಾಣದ ಹೋಟೆಲಿಂದು, ಸಾಹೇಬ್ರೆ."

"ಹೌದೌದು. ಗೆದ್ದೆವೋ?"

ಅವನ ಮೇಜಿನ ಮೇಲೇ ಉಗಿಯಬೇಕೆನಿಸಿತು ನನಗೆ. ಭಾವ ಕೈಮುಗಿದ.

"ಗೆದ್ದೆವು," ಎಂದ.