ಕಚೇರಿ ಅಂಗಳದ ಮಳಿ

ತೊಂಬತ್ತರ ದಶಕದಾಗ ಅಕ್ಕಲಕೋಟದ ತಾಲೂಕಾ ಕಚೇರಿ ಅಂಗಳದಾಗ ಡಬ್ಬಿ ಇಟ್ಟು ಮಳಿ ಅಳಿಯೂದು ನನ್ನ ಕೆಲಸ ಇತ್ತು. ಒಂದ ವರ್ಷ ಅದ ತಾಲೂಕಿನ ನಾಗಣಸೂರದಾಗ ಮಳಿ ಕೈಕೊಟ್ಟು, ಬಿತ್ತಿದ್ದೆಲ್ಲ ಒಣಗಿತು. ಅಲ್ಲಿಂದ ಶಿವಮ್ಮ ಅನ್ನೂ ರೈತ ಹೆಣ್ಮಗಳು ತಡಾ ಮಾಡಿ ಬಿತ್ತೂವಂಥಾ ಸರ್ಕಾರಿ ಬೀಜ ಕೇಳಾಕ ಬಂದಳು.

"ಬೀಜ ಕೊಡಾಕ ಬರಂಗಿಲ್ಲವ್ವಾ. ದಪ್ತರದ ಪ್ರಕಾರ ನಿಮ್ಮೂರಾಗ ಚಲೋ ಮಳಿ ಆಗ್ಯಾದ," ಅಂದೆ.

"ಯಾರ ಅಳದಾರ್ರಿ, ಸಾಹೇಬ್ರ?"

"ನಾನ. ಇದ ಡಬ್ಬಿಯಾಗ. ಇಡೀ ತಾಲೂಕಿಗೆ ಇದೊಂದ ಅದ."

ಆಕಿ ಬಗ್ಗಿ ಡಬ್ಬಿಯೊಳಗ ನೋಡಿದಳು. ಬಾಳ ಹೊತ್ತ ನೋಡಿದಳು.

"ಹಂಗಾರ ಇದನ್ನ ಒಯ್ದು ನನ್ನ ಹೊಲದಾಗ ಇಡ್ರಿ. ಮಳಿ ಇದರ ಬೆನ್ನ ಹತ್ತಿ ಬರ್ತದೇನೋ."

ಡಬ್ಬಿ ಜಾಗಾ ಬಿಟ್ಟು ಕದಲಿಸಬಾರದು ಅಂತ ನಿಯಮ ಅದ. ಅದನ್ನೂ ಹೇಳಿದೆ. ಆಕಿ ಬರಿಗೈಲೆ ಹೋದಳು.

ಮರುದಿನ ಅಂಗಳದಾಗ ಮತ್ತ ಮಳಿ ಬಂತು. ಚಾಚೂ ತಪ್ಪದ ಅಳದು, ಆಕಿ ಹೊಲಕ್ಕೂ ಅಷ್ಟ ಮಳಿ ಅಂತ ದಪ್ತರದಾಗ ಬರಕೊಂಡೆ.